ಗ್ವಾಡಿಗೆ ನೀರು ಹೊಡೆದವರು: ರಾಯಚೂರು ಸೀಮೆಯ ಸರ್ಕಾರಿ ಕಾಲೇಜುಗಳ ಕಟ್ಟಡ ಚರಿತ್ರೆ

ದಲಿತ ವಿಮರ್ಶೆಯ ಈ ವಿಶೇಷ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ, ಸರ್ಕಾರಿ ಕಾಲೇಜು ಕಟ್ಟಡಗಳ ಬಗ್ಗೆ ಬರೀತೀನಿ ಅಂದೆ. ಅವರು ನಕ್ಕರು. "ಅದರಾಗ ವಿಮರ್ಶೆ ಏನೈತೋ? ಪಿಡಬ್ಲ್ಯುಡಿ ಇಂಜಿನಿಯರು ಬರೀಲಿ ಬಿಡು" ಅಂದರು. ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಆ ನಗು ಕಾಡತೊಡಗಿತು. ಕಾವ್ಯದಲ್ಲಿ ಜಾತಿ ಎಲ್ಲಿ ಅಡಗಿ ಕೂತಿದೆ ಎಂದು ಹುಡುಕುವುದನ್ನು ನಾವು ಕಲಿತಿದ್ದೇವೆ. ಪುರಾಣ, ಶಾಸನ, ನವ್ಯರ ಕಾದಂಬರಿ ಯಾವುದನ್ನೂ ಬಿಟ್ಟಿಲ್ಲ. ಆದರೆ ಸರ್ಕಾರಿ ಆದೇಶ, ಟೆಂಡರ್ ಪ್ರಕಟಣೆ, ಎಸ್ಟಿಮೇಟು, ಶಂಕುಸ್ಥಾಪನೆಯ ಕಲ್ಲು ಇವೂ ಪಠ್ಯಗಳೇ ಅಲ್ಲವೆ? ನಮ್ಮ ಮಕ್ಕಳ ಬದುಕನ್ನು ಯಾವ ಮಹಾಕಾವ್ಯಕ್ಕಿಂತಲೂ ಹೆಚ್ಚಾಗಿ ಇವೇ ತಿದ್ದಿವೆ, ಇವೇ ಕೆಡಿಸಿವೆ. ಇವನ್ನು ಓದುವ ಕೆಲಸವನ್ನು ಗುತ್ತಿಗೆದಾರರಿಗೆ ಬಿಟ್ಟುಕೊಟ್ಟು ನಾವು ಸುಮ್ಮನೆ ಕೂತದ್ದು ಯಾಕೆ?

ನಾನು ಹೇಳಬೇಕಾದದ್ದು ಇಷ್ಟು. ನಮ್ಮ ಸೀಮೆಯಲ್ಲಿ ಕೇರಿಯ ಹುಡುಗನೊಬ್ಬ ಯಾರ ಅಪ್ಪಣೆಯನ್ನೂ ಕೇಳದೆ, ಚಪ್ಪಲಿ ಕೈಯಲ್ಲಿ ಹಿಡಿಯದೆ, ಒಳಗೆ ಹೋಗಿ ಬೆಂಚಿನ ಮೇಲೆ ಕೂತ ಪಕ್ಕಾ ಕಟ್ಟಡ ಅಂದರೆ ಸರ್ಕಾರದ್ದು. ಗುಡಿ ನಮ್ಮದಾಗಿರಲಿಲ್ಲ. ಚಾದಂಗಡಿಯಲ್ಲಿ ನಮಗೆ ಬೇರೆ ಲೋಟ ಇತ್ತು. ಗೌಡರ ಮನೆಯಲ್ಲಿ ಅಂಗಳದವರೆಗೆ ಮಾತ್ರ. ಹೀಗಿರುವಾಗ ಸರ್ಕಾರಿ ಕಾಲೇಜಿನ ಗೋಡೆ ಯಾವಾಗ ಎದ್ದಿತು, ಎಲ್ಲಿ ಎದ್ದಿತು, ಯಾರ ದುಡ್ಡಿನಲ್ಲಿ ಎದ್ದಿತು, ಯಾಕೆ ಬಿರುಕು ಬಿಟ್ಟಿತು ಎನ್ನುವುದು ನಮಗೆ ಬರೀ ಇಟ್ಟಿಗೆ ಸಿಮೆಂಟಿನ ಪ್ರಶ್ನೆಯಾಗಲಾರದು.

*

ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ದೊಡ್ಡ ಕಲ್ಲಿದೆ. ಸುಮಾರು 41 ಅಡಿ ಉದ್ದ. ಕಾಕತೀಯರ ಆಳ್ವಿಕೆಯಲ್ಲಿ, 1294ರಲ್ಲಿ ಈ ಕೋಟೆ ಕಟ್ಟಿಸಿದವರ ಹೆಸರನ್ನು ಆ ಕಲ್ಲಿನ ಮೇಲೆ ತೆಲುಗಿನಲ್ಲಿ ಕೆತ್ತಿದ್ದಾರೆ. ಚರಿತ್ರೆಯ ಪುಸ್ತಕಗಳು ಈ ಶಾಸನವನ್ನು ತಪ್ಪದೆ ಹೇಳುತ್ತವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಕ್ಷರಗಳಲ್ಲ, ಚಿತ್ರ. ಅಷ್ಟು ದೊಡ್ಡ ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಕಟ್ಟಿ ಎಳೆಸುತ್ತಿರುವ ದೃಶ್ಯ ಅಲ್ಲೇ ಗೋಡೆಯ ಮೇಲಿದೆ. ಕೋಣ ಹೊಡೆಯುವ ಆಳುಗಳಿದ್ದಾರೆ. ಅವರಿಗೆ ಹೆಸರಿಲ್ಲ. ಆದರೂ ಹದಿಮೂರನೆಯ ಶತಮಾನದ ಆ ಶಿಲ್ಪಿಗೆ, ಎಳೆದವರೂ ಗೋಡೆಯ ಮೇಲೆ ಕಾಣಬೇಕು ಅನ್ನಿಸಿತ್ತು. ನಮ್ಮ ಕಾಲದ ಉದ್ಘಾಟನಾ ಫಲಕಗಳಲ್ಲಿ ಮಂತ್ರಿ, ಶಾಸಕ, ಕಾರ್ಯಪಾಲಕ ಇಂಜಿನಿಯರ್, ಗುತ್ತಿಗೆದಾರ ಎಲ್ಲರೂ ಇರುತ್ತಾರೆ. ಕೋಣವೂ ಇಲ್ಲ, ಆಳೂ ಇಲ್ಲ.

ನಿಜಾಮರ ಕಾಲಕ್ಕೆ ಬರೋಣ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ದೇಶೀ ಭಾಷೆಯಾದ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಪ್ರಯೋಗ ದೊಡ್ಡದೇ. ಅದರ ಆರ್ಟ್ಸ್ ಕಾಲೇಜಿನ ಕಟ್ಟಡ 1939ರಲ್ಲಿ ಉದ್ಘಾಟನೆಯಾಯಿತು. ಬೆಲ್ಜಿಯಮ್ಮಿನ ವಾಸ್ತುಶಿಲ್ಪಿ ಅರ್ನೆಸ್ಟ್ ಜಾಸ್ಪರ್ ಮಾಡಿದ ವಿನ್ಯಾಸ, ನಸುಗೆಂಪು ಗ್ರಾನೈಟಿನ ಕಮಾನುಗಳು. ಇವತ್ತಿಗೂ ನೋಡಿದವರು ತಲೆಯೆತ್ತಿ ನಿಲ್ಲುತ್ತಾರೆ. ಸಂಸ್ಥಾನದ ಬೊಕ್ಕಸಕ್ಕೆ ರಾಯಚೂರು ದೋಆಬಿನ ಕಂದಾಯವೂ ಹೋಗುತ್ತಿತ್ತು. ಆದರೆ ಮಾನ್ವಿ, ದೇವದುರ್ಗದ ಹುಡುಗ ಡಿಗ್ರಿ ಓದಬೇಕೆಂದರೆ ಹೈದರಾಬಾದಿಗೇ ಹೋಗಬೇಕಾಗಿತ್ತು. ಹಾಗೆ ಹೋದವರು ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. ದೇಸಾಯರ, ವಕೀಲರ, ವರ್ತಕರ ಮಕ್ಕಳು. 1920ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಸರ್ಕಾರ ಕಟ್ಟದೇ ಬಿಟ್ಟದ್ದನ್ನು ಅವರು ಜನರಿಂದ ಎತ್ತಿ ಕಟ್ಟಿದರು. ಹೈದರಾಬಾದ್ ನಗರದಲ್ಲಿ ಭಾಗ್ಯರೆಡ್ಡಿ ವರ್ಮ ಆದಿ ಹಿಂದೂ ಮಕ್ಕಳಿಗಾಗಿ 1910ರಿಂದಲೇ ಶಾಲೆಗಳನ್ನು ತೆರೆಯುತ್ತ ಹೋದರು. ಹೊರಗಿಟ್ಟವರು ತಾವೇ ಗೋಡೆ ಎಬ್ಬಿಸಬೇಕಾದ ಕಾಲ ಅದು.

ಈ ಚರಿತ್ರೆಯಲ್ಲಿ ನಾವು ಮರೆತ ಒಂದು ಪುಟವಿದೆ. ಸಂಸ್ಥಾನದ ಕೊನೆಯ ದಿನಗಳಲ್ಲಿ ದಲಿತರ ಶಿಕ್ಷಣಕ್ಕೆಂದು ಒಂದು ಕೋಟಿ ರೂಪಾಯಿಯ ನಿಧಿ ತೆಗೆದಿಟ್ಟರು. ಆಗ ಮಂತ್ರಿಯಾಗಿದ್ದ ದಲಿತ ನಾಯಕ ಬಿ.ಎಸ್. ವೆಂಕಟರಾವ್ ಅವರ ಹೆಸರು ಆ ನಿಧಿಯೊಂದಿಗೆ ಸೇರಿಕೊಂಡಿದೆ. ಮುಂದೆ 1950ರಲ್ಲಿ, ಅದೇ ಹೈದರಾಬಾದ್ ರಾಜ್ಯದ ಔರಂಗಾಬಾದಿನಲ್ಲಿ, ಬಾಬಾಸಾಹೇಬ್ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಾಲೇಜು ತೆರೆಯಿತು. ಅದೇ ಮಿಲಿಂದ ಮಹಾವಿದ್ಯಾಲಯ. ಅದರ ಕಟ್ಟಡಕ್ಕೆ 1951ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಅಂಬೇಡ್ಕರ್ ಆಗ ಕೇಂದ್ರದ ಕಾನೂನು ಮಂತ್ರಿ. ಆದರೂ ಔರಂಗಾಬಾದಿಗೆ ಬಂದು ಕಟ್ಟಡದ ಕೆಲಸವನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ಸಂವಿಧಾನ ಬರೆದ ಮನುಷ್ಯ ಗೋಡೆಯನ್ನೂ ಯಾಕೆ ಅಷ್ಟು ಹಚ್ಚಿಕೊಂಡ? ನಮ್ಮ ವಿಮರ್ಶಕರು ಅವರ ಗ್ರಂಥಗಳನ್ನು ಓದಿದ್ದಾರೆ, ಈ ಕಟ್ಟಡವನ್ನು ಓದಿಲ್ಲ. 1944ರಲ್ಲಿ ವೈಸರಾಯ್ ಕೌನ್ಸಿಲಿನಲ್ಲಿದ್ದಾಗ ಪರಿಶಿಷ್ಟರ ವಿದ್ಯಾರ್ಥಿವೇತನ ಶುರುಮಾಡಿಸಿದವರೂ ಅವರೇ. ವೇತನ ಫೀಜಿಗೆ ಆಗುತ್ತದೆ. ಹುಡುಗ ರಾತ್ರಿ ಎಲ್ಲಿ ಮಲಗಬೇಕು, ಯಾವ ಛಾವಣಿಯ ಕೆಳಗೆ ಓದಬೇಕು ಎನ್ನುವುದು ಅದರಿಂದ ಬಗೆಹರಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಔರಂಗಾಬಾದೂ ರಾಯಚೂರೂ ಒಂದೇ ಸಂಸ್ಥಾನದಲ್ಲಿದ್ದವು. ಅಲ್ಲಿ ಮರಾಠಿ ದಲಿತ ಸಾಹಿತ್ಯದ ಒಂದು ಇಡೀ ತಲೆಮಾರು ಮಿಲಿಂದದ ಅಂಗಳದಿಂದ ಎದ್ದು ಬಂತು. ಇಲ್ಲಿ ಅಂಥ ಅಂಗಳವೇ ಇರಲಿಲ್ಲ.

*

1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಉಸ್ಮಾನಿಯಾ ಹೋಯಿತು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಬಂತು. ಅಂದರೆ ಅಂಕಪಟ್ಟಿಯ ಒಂದು ತಪ್ಪು ತಿದ್ದಿಸಲು ಒಂದಿಡೀ ದಿನದ ಪ್ರಯಾಣ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ರಾಯಚೂರಿಗೆ ಅದರ ಸ್ನಾತಕೋತ್ತರ ಕೇಂದ್ರ ಸಿಕ್ಕಿತು, ಮಂತ್ರಾಲಯದ ದಾರಿಯ ಯರಗೇರಾದಲ್ಲಿ. ಆ ಕೇಂದ್ರ ರಾಯಚೂರು ವಿಶ್ವವಿದ್ಯಾಲಯವಾಗಲು 2020ರ ಸುಮಾರಿನವರೆಗೆ ಕಾಯಬೇಕಾಯಿತು. ಈಗ ಅದಕ್ಕೆ ಮಹರ್ಷಿ ವಾಲ್ಮೀಕಿಯ ಹೆಸರಿದೆ. ಲೆಕ್ಕ ಹಾಕಿ ನೋಡಿ, ಏಕೀಕರಣವಾಗಿ ಅರವತ್ತು ವರ್ಷ ದಾಟಿದ ಮೇಲೆ.

ಈ ನಡುವೆ ರಾಜ್ಯದ ದಲಿತ ಚಳವಳಿ ಕಟ್ಟಡದ ಪ್ರಶ್ನೆಯನ್ನು ಎತ್ತಲಿಲ್ಲ ಎಂದಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿನ ಗಲಾಟೆಯಲ್ಲಿ ದಲಿತ ಹುಡುಗರ ಹಾಸ್ಟೆಲುಗಳೇ ಏಟಿಗೆ ಗುರಿಯಾದವು. ಹಾಸ್ಟೆಲು ನಮ್ಮ ಕೋಟೆ ಎಂದು ಎದುರಿನವರಿಗೆ ನಮಗಿಂತ ಮೊದಲೇ ಗೊತ್ತಾಗಿತ್ತು. ಮುಂದೆ ದಲಿತ ಸಂಘರ್ಷ ಸಮಿತಿ "ಹೆಂಡ ಬೇಡ, ವಸತಿ ಶಾಲೆ ಬೇಕು" ಎಂದು ಬೀದಿಗಿಳಿಯಿತು. ಆ ಘೋಷಣೆಯನ್ನು ನಾವು ಮದ್ಯಪಾನ ವಿರೋಧ ಎಂದಷ್ಟೇ ನೆನಪಿಟ್ಟುಕೊಂಡಿದ್ದೇವೆ. ಅದರ ಇನ್ನರ್ಧ ನೋಡಿ: ಅಬಕಾರಿಯಿಂದ ನಮ್ಮ ಕೇರಿಯ ದುಡ್ಡನ್ನು ಬೊಕ್ಕಸಕ್ಕೆ ಎಳೆದುಕೊಳ್ಳುತ್ತೀರಲ್ಲ, ಅದನ್ನು ಗೋಡೆಯಾಗಿ, ಛಾವಣಿಯಾಗಿ ವಾಪಸು ಕೊಡಿ ಎನ್ನುವ ಲೆಕ್ಕ ಅದರಲ್ಲಿದೆ. ನನ್ನ ಪಾಲಿಗೆ ಕನ್ನಡದ ಅತಿ ಚಿಕ್ಕ ಬಜೆಟ್ ವಿಮರ್ಶೆ ಅದು.

*

ಇನ್ನು ನನ್ನ ಕಥೆ. ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳದಿದ್ದರೆ ಮೇಲಿನದೆಲ್ಲ ಪುಸ್ತಕದ ಮಾತಾಗುತ್ತದೆ.

ನಾನು ಓದಿದ್ದು ಈ ಸೀಮೆಯ ಒಂದು ಕಾಲೇಜಿನಲ್ಲಿ. ಹೆಸರು ಬೇಡ. ಅದರ ಕಟ್ಟಡ ಏಳುವಾಗ ನಮ್ಮವ್ವ ಅಲ್ಲಿ ಕೂಲಿಗೆ ಹೋಗುತ್ತಿದ್ದಳು. ಉಸುಕು ಸಾಣಿಸುವುದು, ಬುಟ್ಟಿ ಹೊರುವುದು, ಸಂಜೆಗೆ ಗ್ವಾಡಿಗೆ ನೀರು ಹೊಡೆಯುವುದು. ಅಪ್ಪ ಆ ವರ್ಷ ಗುಳೆ ಹೋಗಿದ್ದ. ದೇವದುರ್ಗ, ಮಾನ್ವಿ ಕಡೆಯವರಿಗೆ ಗುಳೆ ಅಂದರೆ ಏನೆಂದು ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ: ಬಿತ್ತಿದ್ದು ಒಣಗಿದ ಮೇಲೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಅಲ್ಲಿನ ಕಟ್ಟಡಗಳಿಗೆ ಮೈ ಕೊಡುವುದು. ಬೆಂಗಳೂರಿನ ಎಷ್ಟು ಗಾಜಿನ ಮಾಳಿಗೆಗಳ ಪಾಯದಲ್ಲಿ ನಮ್ಮ ತಾಲೂಕುಗಳ ಬೆವರಿದೆಯೋ, ಯಾರೂ ಲೆಕ್ಕ ಇಟ್ಟಿಲ್ಲ. ಕಟ್ಟುವ ಕೈಗಳು ನಮ್ಮಲ್ಲಿ ಎಂದೂ ಕಮ್ಮಿ ಇರಲಿಲ್ಲ. ನಮ್ಮೂರಲ್ಲಿ ಕಟ್ಟಡ ಏಳಲಿಲ್ಲ, ಅಷ್ಟೇ.

ಒಂದು ದಿನ ಅವ್ವ ಕೆಲಸದಿಂದ ಬೇಗ ಬಂದಳು. ಯಾಕವ್ವ ಅಂದೆ. "ನೀರ ಹೊಡಿಯೋದು ಸಾಕಂತ. ಮೂರ ದಿನಕ್ಕ ಮುಗಿಸ್ಯಾರ. ಟ್ಯಾಂಕರಿನ ರೊಕ್ಕ ಉಳಿತದಂತ ಅವರಿಗೆ" ಅಂದಳು. ಆಮೇಲೆ ರೊಟ್ಟಿ ಬಡಿಯುತ್ತ, ತನಗೆ ತಾನೇ ಹೇಳಿಕೊಂಡಂತೆ, "ಎರಿ ನೆಲ ಅದು. ಬ್ಯಾಸಿಗ್ಯಾಗ ಬಾಯಿ ಬಿಡತದ, ಮಳಿಗಾಲದಾಗ ಉಬ್ಬತದ. ಪಾಯಾನೂ ಆಳ ಹಾಕಿಲ್ಲ. ನೀನು ಆ ಖೋಲ್ಯಾಗ ಕುಂದ್ರೋ ಹೊತ್ತಿಗೆ ಸೀಳಿರತದ ನೋಡು" ಅಂದಳು.

ನಾನು ಅಲ್ಲಿ ಪದವಿಗೆ ಸೇರಿದ ವರ್ಷ ಕಿಟಕಿಯ ಮೂಲೆಯಿಂದ ಬಿರುಕು ಹೊರಟಿತ್ತು. ಮೂರನೆಯ ವರ್ಷಕ್ಕೆ ಬೆರಳು ತೂರಿಸಬಹುದಿತ್ತು. ಮಳೆ ಬಂದರೆ ಇಂಗ್ಲಿಷ್ ಮೇಷ್ಟ್ರು ಬೆಂಚು ಸರಿಸಿ ಪಾಠ ಮಾಡುತ್ತಿದ್ದರು. ನೀರಿಲ್ಲದ ಪಾಯಖಾನೆಗೆ ಬೀಗ ಬಿದ್ದಿತ್ತು. ನನ್ನ ಜೊತೆ ಸೇರಿದ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಮುಗಿಸಲಿಲ್ಲ. ಹಾಜರಾತಿ ಪುಸ್ತಕದಲ್ಲಿ ಅದಕ್ಕೆ "ಅನಿಯಮಿತ" ಎಂದು ಬರೆದಿದ್ದರು. ಪಾಯಖಾನೆಯ ಬೀಗದ ಬಗ್ಗೆ ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

ಅವ್ವನ ಮಾತು ನಿಜವಾದದ್ದಕ್ಕೆ ಪವಾಡವೇನೂ ಬೇಕಾಗಿರಲಿಲ್ಲ. ಎರಿ ಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಅದರ ಮೇಲೆ ಕಟ್ಟುವಾಗ ಅಡಿಪಾಯ ಗಟ್ಟಿ ನೆಲ ಮುಟ್ಟುವವರೆಗೆ ಇಳಿಯಬೇಕು. ಸಿಮೆಂಟಿಗೆ ದಿನಗಟ್ಟಲೆ ನೀರುಣಿಸಬೇಕು. ಎರಡಕ್ಕೂ ದುಡ್ಡು ಬೇಕು. ಕೆಂಪು ಮಣ್ಣಿನ ನಾಡಿಗೆ ಹಾಕಿದ ನಕ್ಷೆಯನ್ನೇ ತಂದು ಎರಿ ನೆಲದ ಮೇಲಿಟ್ಟರೆ ಗೋಡೆ ನಿಲ್ಲುವುದಿಲ್ಲ. ಈ ಜ್ಞಾನ ನಮ್ಮವ್ವನಂಥ ನೂರಾರು ಹೆಣ್ಣುಮಕ್ಕಳಿಗಿತ್ತು. ಎಸ್ಟಿಮೇಟು ಬರೆಯುವಾಗ ಅವರನ್ನು ಕೇಳುವ ಪದ್ಧತಿ ಇರಲಿಲ್ಲ.

*

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಬಂತು. ರಾಜ್ಯದ 114 ತಾಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಮಾನ್ವಿ, ದೇವದುರ್ಗ ಎರಡೂ ಆ 39ರ ಪಟ್ಟಿಯಲ್ಲಿದ್ದವು, ದೇವದುರ್ಗವಂತೂ ಕಟ್ಟಕಡೆಯದು. ಆ ವರದಿಯನ್ನು ನಾನು ಗೌರವದಿಂದ ಓದಿದ್ದೇನೆ. ಆದರೆ ಅದರ ಭಾಷೆಯಲ್ಲಿ ಒಂದು ತೊಡಕಿದೆ. ತಾಲೂಕು ಹಿಂದುಳಿದಿದೆ ಎಂದರೆ ಗೌಡನೂ ಹಿಂದುಳಿದ, ಅವನ ಜೀತದಾಳೂ ಹಿಂದುಳಿದ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಜನರಲ್ಲಿ ಪರಿಶಿಷ್ಟ ಜಾತಿಯವರು ಶೇ. 20ಕ್ಕಿಂತ ತುಸು ಹೆಚ್ಚು, ಪರಿಶಿಷ್ಟ ಪಂಗಡದವರು ಶೇ. 19. ಹತ್ತರಲ್ಲಿ ನಾಲ್ವರು. ಜಿಲ್ಲೆಯ ಸಾಕ್ಷರತೆ ಶೇ. 60ನ್ನೂ ಮುಟ್ಟಿರಲಿಲ್ಲ, ಹೆಣ್ಣುಮಕ್ಕಳದ್ದು ಶೇ. 50ಕ್ಕಿಂತ ಕೆಳಗೆ. ಪ್ರಾದೇಶಿಕ ಅಸಮಾನತೆ ಎಂಬ ಮಾತಿನ ಹಿಂದೆ ಜಾತಿಯನ್ನು ಮುಚ್ಚಿಡಲು ಬಹಳ ಜಾಗವಿದೆ. ನಮ್ಮ ಹೋರಾಟಗಳೂ ಒಮ್ಮೊಮ್ಮೆ ಆ ಜಾಗದಲ್ಲೇ ನಿಂತು ಮಾತಾಡಿವೆ.

ಅದೇ ವರದಿ ರಾಯಚೂರಿಗೆ ಐಐಟಿ ಬೇಕೆಂದು ಹೇಳಿತ್ತು. ಅದು 2016ರಲ್ಲಿ ಧಾರವಾಡಕ್ಕೆ ಹೋಯಿತು. 2019ರಲ್ಲಿ ನಮಗೆ ಐಐಐಟಿ ಬಂತು. ಮೊದಲು ಹೈದರಾಬಾದಿನ ಐಐಟಿಯಲ್ಲಿ, ಆಮೇಲೆ ಯರಮರಸಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಕಟ್ಟಡದಲ್ಲಿ ನಡೆಯಿತು. ಕೇಂದ್ರದ ಸಂಸ್ಥೆ ಬಂದರೂ ಸೂರು ಕೊಡಬೇಕಾದದ್ದು ಜಿಲ್ಲೆಯ ಸರ್ಕಾರಿ ಕಾಲೇಜೇ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಿಂದ ರಾಜ್ಯಕ್ಕೆಲ್ಲ ಕರೆಂಟು ಕೊಟ್ಟಿದೆ, ಬೂದಿ ಮಾತ್ರ ಇಲ್ಲೇ ಉಳಿದಿದೆ. ಏಮ್ಸ್ ಬೇಕೆಂದು 2022ರಲ್ಲಿ ಧರಣಿ ಕೂತವರನ್ನು ಕೇಳಿದರೆ ಈ ಪಟ್ಟಿಯನ್ನು ಇನ್ನೂ ಉದ್ದ ಮಾಡಿಯಾರು.

ದುಡ್ಡು ಬರಲೇ ಇಲ್ಲವೆ? ಬಂತು. 2013ರಿಂದ 371ಜೆ ಜಾರಿಯಾಗಿ ಪ್ರದೇಶಾಭಿವೃದ್ಧಿ ಮಂಡಳಿಯಾಯಿತು. ಅದರ ವಾರ್ಷಿಕ ಅನುದಾನ 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಕೇಂದ್ರದ ರೂಸಾ ಯೋಜನೆಯೂ 2013ರದೇ. ಒಂದು ಕಾಲೇಜಿಗೆ 2 ಕೋಟಿ. ನೂರಕ್ಕೆ 35 ಹೊಸ ಕಟ್ಟಡಕ್ಕೆ, 35 ಹಳೆಯದರ ದುರಸ್ತಿಗೆ, 30 ಸಲಕರಣೆಗೆ. ಈಗಿನ ಪಿಎಂ ಉಷಾದಲ್ಲಿ ಅದು ಕಾಲೇಜಿಗೆ 5 ಕೋಟಿ, ಆಯ್ದ ವಿಶ್ವವಿದ್ಯಾಲಯಗಳಿಗೆ 100 ಕೋಟಿವರೆಗೆ. ಕೇಳಲು ಚೆನ್ನಾಗಿದೆ. ಆದರೆ ಈ ದುಡ್ಡು ಬಾಗಿಲಲ್ಲಿ ನಿಂತು ಸರ್ಟಿಫಿಕೇಟು ಕೇಳುತ್ತದೆ. ಯುಜಿಸಿ ಮಾನ್ಯತೆ ಇದೆಯೆ? ರೂಸಾದ ಎರಡನೆಯ ಹಂತದಲ್ಲಿ, ನ್ಯಾಕ್‌ನವರು ಎಷ್ಟು ಅಂಕ ಕೊಟ್ಟಿದ್ದಾರೆ? ನ್ಯಾಕ್ ಅಂಕ ಬರಬೇಕಾದರೆ ಗ್ರಂಥಾಲಯ ಬೇಕು, ಪ್ರಯೋಗಾಲಯ ಬೇಕು, ಕಾಯಂ ಅಧ್ಯಾಪಕರು ಬೇಕು. ಅವೆಲ್ಲ ಬೇಕಾದರೆ ದುಡ್ಡು ಬೇಕು. ಅತಿಥಿ ಉಪನ್ಯಾಸಕರ ಮೇಲೆ ನಡೆಯುವ ತಾಲೂಕು ಕಾಲೇಜು ಈ ಸುತ್ತಿನಿಂದ ಹೇಗೆ ಹೊರಗೆ ಬರಬೇಕು? ಗುಡಿಯ ಬಾಗಿಲಲ್ಲಿ ಮಡಿ ಕೇಳುತ್ತಿದ್ದರು, ಇಲ್ಲಿ ಗ್ರೇಡು ಕೇಳುತ್ತಾರೆ. ಹೋಲಿಕೆ ಅತಿಯಾಯಿತು ಎಂದು ಕೆಲವರಿಗೆ ಅನ್ನಿಸಬಹುದು. ಕೈಯಲ್ಲಿ ಇರುವವನಿಗೇ ಮತ್ತೆ ಕೊಡುವ ನಿಯಮಕ್ಕೆ ನನಗೆ ಬೇರೆ ಹೋಲಿಕೆ ಸಿಗಲಿಲ್ಲ.

ಇನ್ನೊಂದು ಲೆಕ್ಕವಿದೆ, ಇದನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಷ್ಟು ಹಣ ತೆಗೆದಿಡಬೇಕೆಂದು ಕರ್ನಾಟಕ 2013ರಲ್ಲಿ ಕಾನೂನು ಮಾಡಿತು. ಒಳ್ಳೆಯ ಕಾನೂನು. ಅದರ 7ನೆಯ ಸೆಕ್ಷನ್ನಿನಲ್ಲಿ 'ಡಿ' ಎಂಬ ಒಂದು ಉಪಕಲಂ ಕೂತಿತ್ತು. ವಿಂಗಡಿಸಲು ಬಾರದ ಮೂಲಸೌಕರ್ಯ ಕಾಮಗಾರಿಯಲ್ಲಿ ಒಂದು ಪಾಲನ್ನು ಪರಿಶಿಷ್ಟರಿಗೆ ಖರ್ಚಾಗಿದೆ ಎಂದು 'ಭಾವಿಸಬಹುದು' ಎಂದು ಅದು ಹೇಳುತ್ತಿತ್ತು. ಎಲ್ಲರೂ ಓಡಾಡುವ ರಸ್ತೆ, ಎಲ್ಲರಿಗೂ ಸೇರಿದ ಕಟ್ಟಡ, ಅದರಲ್ಲಿ ನಮ್ಮ ಪಾಲಿನ ಇಟ್ಟಿಗೆ ಇಷ್ಟು ಎಂದು ಭಾವಿಸಿಬಿಟ್ಟರೆ ಮುಗಿಯಿತು! ಹತ್ತು ವರ್ಷ ಹೋರಾಡಿದ ಮೇಲೆ 2023ರಲ್ಲಿ ಆ ಉಪಕಲಂ ತೆಗೆದುಹಾಕಿದರು. 'ಭಾವಿಸುವುದು' ಎಂಬ ಕ್ರಿಯಾಪದದ ಮೇಲೆ ಯಾವ ಶೈಲಿಶಾಸ್ತ್ರಜ್ಞನೂ ಪ್ರಬಂಧ ಬರೆದಿಲ್ಲ. ಬರೆಯಬೇಕಿತ್ತು. ನಮ್ಮ ಹೆಸರಲ್ಲಿ ಖರ್ಚಾದ ದುಡ್ಡು ನಮ್ಮನ್ನು ಮುಟ್ಟದೆ ಹೋಗುವ ವ್ಯಾಕರಣ ಆ ಒಂದು ಮಾತಿನಲ್ಲಿದೆ.

*

ಈಚೆಗೆ ಯರಗೇರಾಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ದೇವದುರ್ಗದ ಹಳ್ಳಿಯೊಂದರ ಹುಡುಗಿ ಪಕ್ಕದಲ್ಲಿ ಕೂತಿದ್ದಳು, ಎಂ.ಎ. ಓದುವವಳು. ದೇವದುರ್ಗದಿಂದ ರಾಯಚೂರಿಗೇ 50 ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಮತ್ತೆ ಈ ಬಸ್ಸು. 2023ರಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲವಾದ್ದರಿಂದ ಓದಲು ಸಾಧ್ಯವಾಯಿತು ಅಂದಳು. "ಹಾಸ್ಟೆಲ್ಲಿನ್ಯಾಗ ಸೀಟು ಸಿಕ್ಕಿಲ್ಲೇನವ್ವ?" ಅಂತ ಕೇಳಿದೆ. "ಪಟ್ಟಿಯೊಳಗ ಹೆಸರೈತ್ರಿ ಸರ, ಖೋಲಿ ಇಲ್ರಿ" ಅಂದಳು. ಐದು ಗಂಟೆಗೆ ಎದ್ದು ರೊಟ್ಟಿ ಮಾಡಿಟ್ಟು ಬರುತ್ತಾಳಂತೆ. ವಿಶ್ವವಿದ್ಯಾಲಯವನ್ನು ಊರ ಹೊರಗೆ, ವಿಶಾಲವಾದ ಜಾಗದಲ್ಲಿ ಕಟ್ಟಬೇಕೆಂಬುದು ಎಲ್ಲ ಕಡೆಯ ಯೋಜನೆ. ಮೋಟರು ಇದ್ದವರಿಗೆ ಅದು ಪ್ರಶಾಂತ ವಾತಾವರಣ. ನಮ್ಮವರಿಗೆ ಊರ ಹೊರಗು ಎನ್ನುವುದು ಹೊಸದೇನಲ್ಲ. 2016ರಲ್ಲಿ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲಿನಿಂದ ಹೊರಗೆ ಹಾಕಿಸಿಕೊಂಡ ರೋಹಿತ್ ವೇಮುಲ ಮತ್ತು ಗೆಳೆಯರು ಬಯಲಲ್ಲಿ ಹಾಕಿದ ಡೇರೆಗೆ 'ವೆಲಿವಾಡ' ಎಂದು ಹೆಸರಿಟ್ಟರು. ತೆಲುಗಿನಲ್ಲಿ ಹಾಗಂದರೆ ಊರ ಹೊರಗಿನ ಕೇರಿ. ಅಷ್ಟು ದೊಡ್ಡ, ಅಷ್ಟು ಆಧುನಿಕ ಆವರಣದೊಳಗೂ ಕೇರಿ ತನ್ನ ಜಾಗ ಹುಡುಕಿಕೊಂಡಿತ್ತು.

ಹೊಸ ಕಟ್ಟಡ ಬೇಡ ಎಂದು ನಾನು ಹೇಳುತ್ತಿಲ್ಲ. 2022-23ರಲ್ಲಿ ಒಂದೇ ಸಲಕ್ಕೆ ಹುಟ್ಟಿಸಿದ ವಿಶ್ವವಿದ್ಯಾಲಯಗಳಲ್ಲಿ, ಹಿಂದೆ ನಮ್ಮದೇ ಜಿಲ್ಲೆಯಲ್ಲಿದ್ದ ಕೊಪ್ಪಳದ್ದೂ ಸೇರಿ ಒಂಬತ್ತನ್ನು ಮುಚ್ಚುವ ಮಾತು 2025ರ ಆರಂಭದಲ್ಲಿ ಎದ್ದಿತು. ಸ್ವಂತ ಗೋಡೆ ಇಲ್ಲದ ಸಂಸ್ಥೆಯನ್ನು ಎತ್ತಿಬಿಡುವುದು ಎಷ್ಟು ಸುಲಭ ಎಂದು ಆಗ ಕಂಡೆವು. ಗೋಡೆ ಬೇಕು. ಹಾಸ್ಟೆಲು ಮೊದಲು, ನೀರು ಮೊದಲು, ಸಭಾಭವನ ಆಮೇಲೆ.

ಅವ್ವ ಈಗಿಲ್ಲ. ಅವಳು ನೀರು ಹೊಡೆದ ಆ ಕಟ್ಟಡದ ಬಿರುಕಿಗೆ ಈಚೆಗೆ ಗಿಲಾವು ಮಾಡಿ ಬಣ್ಣ ಬಳಿದಿದ್ದಾರೆ. ಬಾಗಿಲ ಮೇಲೆ ನವೀಕರಣ ಎಂದು ಹೊಸ ಫಲಕವಿದೆ. ಕಿಟಕಿಯ ಮೂಲೆಯಲ್ಲಿ ಬಣ್ಣದ ಅಡಿಯಿಂದ ಕೂದಲೆಳೆಯಷ್ಟು ಗೆರೆ ಮತ್ತೆ ಕಾಣುತ್ತಿದೆ. ಸಂಬಂಧಪಟ್ಟ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಕೇಳಿದ್ದು ನಾಲ್ಕೇ: ಈ ಕೆಲಸಕ್ಕೆ ಬಂದ ಹಣ ಯಾವ ಲೆಕ್ಕ ಶೀರ್ಷಿಕೆಯದು? ಅದರಲ್ಲಿ ಪರಿಶಿಷ್ಟರ ಹೆಸರಿನಲ್ಲಿ ತೋರಿಸಿದ್ದು ಎಷ್ಟು? ಪಾಯದ ಆಳ ಪರೀಕ್ಷಿಸಿದ ವರದಿ ಇದೆಯೆ? ಗೋಡೆಗೆ ಎಷ್ಟು ದಿನ ನೀರು ಹೊಡೆಸಿದಿರಿ?

ಉತ್ತರ ಇನ್ನೂ ಬಂದಿಲ್ಲ.